ಅಪ್ಪನ ಕ್ಯಾಮೆರಾ ಕಬಾಡಿಗೆ ಹಾಕುವ ಮುನ್ನ

ದೆಹಲಿ, ಗುರುಗ್ರಾಮ, ನೊಯಿಡಾ, ಗಾಜಿಯಾಬಾದ್, ಫರಿದಾಬಾದ್‌ಗಳಲ್ಲಿ ನೆಲೆಸಿರುವ ಕನ್ನಡದ ಮನೆಯವರಿಗೆ,



ದೀಪಾವಳಿ ಹತ್ತಿರ ಬಂತೆಂದರೆ ದೆಹಲಿಗೆ ಸಫಾಯಿಯ ಹುಚ್ಚು ಹಿಡಿಯುತ್ತದೆ. ಬಾಕ್ಸ್ ಬೆಡ್ಡಿನ ಹಲಗೆ ಮೇಲೇಳುತ್ತದೆ, ರಜಾಯಿಗಳು ಬಾಲ್ಕನಿಯ ಬಿಸಿಲಿಗೆ ಬೀಳುತ್ತವೆ, ಕಬಾಡಿವಾಲಾ ಗೇಟಿನ ಬಳಿ ತಕ್ಕಡಿ ಹಿಡಿದು ಕಾಯುತ್ತಿರುತ್ತಾನೆ. ಹಳೆ ಪೇಪರು, ಸುಟ್ಟ ಮಿಕ್ಸಿ, ಜಿಪ್ ಕಿತ್ತ ಸೂಟ್‌ಕೇಸುಗಳ ಜೊತೆ ಚರ್ಮದ ಚೀಲದೊಳಗಿನ ಅಪ್ಪನ ಕ್ಯಾಮೆರಾವೂ ಹೊರಡುತ್ತದೆ. ‘ರೀಲೇ ಸಿಗಲ್ಲ, ಇಟ್ಕೊಂಡು ಏನು ಮಾಡೋದು?’ ಎಂದು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ರೀಲು ಸಿಗುತ್ತದೆ, ಬೆಲೆ ಕೇಳಿದರೆ ತಲೆ ತಿರುಗುತ್ತದೆ, ಅಷ್ಟೇ. ಅದು ಹಾಗಿರಲಿ. ಕ್ಯಾಮೆರಾ ಬೇಡವೆಂದರೆ ಬೇಡ, ಅದರ ಮುಂದಿರುವ ಲೆನ್ಸನ್ನು ಬಿಚ್ಚಿ ಇಟ್ಟುಕೊಳ್ಳಿ. ಮಗಳೋ ಮಗನೋ ಕಂತಿನಲ್ಲಿ ತೆಗೆದುಕೊಂಡ ಡಿಜಿಟಲ್ ಕ್ಯಾಮೆರಾಕ್ಕೆ ಅದು ಕೂರುತ್ತದೆ, ಇವತ್ತಿಗೂ ಒಳ್ಳೆಯ ಚಿತ್ರ ಕೊಡುತ್ತದೆ. ಇಷ್ಟನ್ನು ಹೇಳಲಿಕ್ಕೇ ಈ ಪತ್ರ.

ಈ ಕ್ಯಾಮೆರಾಗಳು ನಮ್ಮ ಮನೆಗಳಿಗೆ ಬಂದದ್ದು ಸುಲಭವಾಗಿಯೇನಲ್ಲ. ಆಮದು ಲೈಸೆನ್ಸು, ಕಸ್ಟಮ್ಸ್ ಸುಂಕದ ಕಾಲ ಅದು. ದೇಶದೊಳಗೆ ತಯಾರಾಗುತ್ತಿದ್ದವು ಬರೋಡದ ಆಗ್ಫಾ ಕ್ಲಿಕ್ ಥ್ರೀ, ಐಸೋಲಿಯಂಥ ಸರಳ ಕ್ಯಾಮೆರಾಗಳು. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಬೇಕೆಂದರೆ, ರೂಪಾಯಿ ಲೆಕ್ಕದಲ್ಲಿ ನಮ್ಮೊಡನೆ ವ್ಯಾಪಾರ ಮಾಡುತ್ತಿದ್ದ ಸೋವಿಯತ್ ಒಕ್ಕೂಟದ ಜೆನಿತ್, ಪೂರ್ವ ಜರ್ಮನಿಯ ಪ್ರಾಕ್ಟಿಕಾ ಇದ್ದವು. ಇಲ್ಲವೇ ಡೆಪ್ಯುಟೇಷನ್ ಮೇಲೆ ಹೊರದೇಶಕ್ಕೆ ಹೋದ ಷಡ್ಡಕನೋ ಚಿಕ್ಕಪ್ಪನೋ ಲಗೇಜಿನ ನಡುವೆ ಬಟ್ಟೆ ಸುತ್ತಿ ತರುವ ಯಾಶಿಕಾ, ಪೆಂಟಾಕ್ಸ್, ನಿಕಾನ್. ಸರೋಜಿನಿ ನಗರ, ನೇತಾಜಿ ನಗರ, ಆರ್.ಕೆ. ಪುರಂ ಕ್ವಾರ್ಟರ್ಸುಗಳಲ್ಲಿ ಸಂಸಾರ ಮಾಡಿದ ನಮ್ಮ ಹಿರಿಯರಿಗೆ ಅದು ಸ್ಕೂಟರಿನಷ್ಟೇ ದೊಡ್ಡ ಆಸ್ತಿ. ಸರೋಜಿನಿ ನಗರವೂ ಸೇರಿದಂತೆ ಏಳು ಸರ್ಕಾರಿ ಕಾಲೊನಿಗಳನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಗೆ 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತಲ್ಲ, ಆಮೇಲೆ ಮನೆ ಖಾಲಿ ಮಾಡಿದವರ ಸಾಮಾನಿನಲ್ಲಿ ಇಂಥವು ಎಷ್ಟು ತೂಕದ ಲೆಕ್ಕಕ್ಕೆ ಹೋದವೋ! ನಿವೃತ್ತಿಯಾಗಿ ಮೈಸೂರಿಗೋ ಧಾರವಾಡಕ್ಕೋ ಹೊರಟವರು ಪಾತ್ರೆ ಪಡಗವನ್ನು ಲಾರಿಗೆ ಹೇರಿದರು, ಕ್ಯಾಮೆರಾವನ್ನು ಇಲ್ಲೇ ಬಿಟ್ಟರು.

ಕ್ಯಾಮೆರಾದ ದೇಹಕ್ಕೆ ಮುಪ್ಪು ಬರುತ್ತದೆ. ಶಟರಿನ ಬಟ್ಟೆಯಲ್ಲಿ ತೂತು ಬೀಳುತ್ತದೆ, ಒಳಗಿನ ಸ್ಪಂಜು ಅಂಟಂಟಾಗಿ ಕರಗುತ್ತದೆ, ಬೆಳಕಿನ ಮೀಟರಿಗೆ ಹಾಕುತ್ತಿದ್ದ ಪಾದರಸದ ಸೆಲ್ಲು ಈಗ ತಯಾರಾಗುವುದೇ ಇಲ್ಲ. ಲೆನ್ಸಿಗೆ ಇದ್ಯಾವ ತಾಪತ್ರಯವೂ ಇಲ್ಲ. ಗಾಜು, ಹಿತ್ತಾಳೆ, ಅಲ್ಯುಮಿನಿಯಂ, ಒಂದಿಷ್ಟು ಗ್ರೀಸು. ಸೆಲ್ಲು ಬೇಡ, ಸಾಫ್ಟ್‌ವೇರ್ ಬೇಡ. ಬೆಳಕನ್ನು ಬಗ್ಗಿಸಿ ಒಂದು ನಿಗದಿತ ದೂರದಲ್ಲಿ ಬಿಂಬ ಮೂಡಿಸುವುದಷ್ಟೇ ಅದರ ಕೆಲಸ. ಅಲ್ಲಿ ಫಿಲ್ಮ್ ಇದೆಯೋ ಸೆನ್ಸರ್ ಇದೆಯೋ ಅದಕ್ಕೆ ಗೊತ್ತೇ ಆಗುವುದಿಲ್ಲ.

ಎಲ್ಲ ಆಟವೂ ಆ ನಿಗದಿತ ದೂರದಲ್ಲಿದೆ. ಜೆನಿತ್, ಪ್ರಾಕ್ಟಿಕಾ, ಹಳೆ ಪೆಂಟಾಕ್ಸ್‌ಗಳ ಲೆನ್ಸು ಸಾಮಾನ್ಯವಾಗಿ ಸ್ಕ್ರೂನಂತೆ ತಿರುಗಿಸಿ ಕೂರಿಸುವಂಥದ್ದು. ಅದನ್ನು ಎಂ42 ಎನ್ನುತ್ತಾರೆ. ಅದು ಕೂರುವ ಉಂಗುರದಿಂದ ಫಿಲ್ಮಿಗೆ ಇರುವ ದೂರ 45.46 ಮಿಲಿಮೀಟರ್. ನಿಕಾನ್‌ನ 1959ರ ಎಫ್ ಮೌಂಟಿನಲ್ಲಿ ಅದು 46.5. ಇಷ್ಟು ಜಾಗ ಬೇಕಾದದ್ದು ಕ್ಯಾಮೆರಾದೊಳಗೆ ಏಳುವ ಬೀಳುವ ಕನ್ನಡಿಗಾಗಿ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕನ್ನಡಿಯೇ ಇಲ್ಲವಾದ್ದರಿಂದ ಸೋನಿಯಲ್ಲಿ ಈ ದೂರ 18 ಮಿ.ಮೀ., ನಿಕಾನ್ ಝಡ್‌ನಲ್ಲಿ 16, ಕ್ಯಾನನ್ ಆರ್‌ಎಫ್‌ನಲ್ಲಿ 20. ಉಳಿದ ಅಂತರ ತುಂಬಲು ಒಂದು ಟೊಳ್ಳು ಲೋಹದ ಉಂಗುರ ಸಾಕು. ಅಡಾಪ್ಟರ್ ಎಂದು ಮಾರುವುದು ಅದನ್ನೇ. ಒಳಗೆ ಗಾಜಿಲ್ಲ, ಸರ್ಕ್ಯೂಟಿಲ್ಲ, ಸಾವಿರ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಸೋನಿಗೆ ಎಂ42 ಕೂರಿಸಲು ಬೇಕಾದದ್ದು 27.46 ಮಿ.ಮೀ. ಉದ್ದದ ಖಾಲಿ ಜಾಗ, ಬೇರೇನಲ್ಲ.

ಮನೆಯಲ್ಲಿರುವುದು ಕನ್ನಡಿಯಿರುವ ಹಳೆ ಡಿಜಿಟಲ್ ಕ್ಯಾಮೆರಾ, ಅಂದರೆ ಡಿಎಸ್‌ಎಲ್‌ಆರ್ ಆದರೆ ಸ್ವಲ್ಪ ನೋಡಿಕೊಳ್ಳಬೇಕು. ಕ್ಯಾನನ್ ಡಿಎಸ್‌ಎಲ್‌ಆರ್‌ನ ಅಂತರ 44 ಮಿ.ಮೀ., ಹಾಗಾಗಿ ಎಂ42 ಲೆನ್ಸಿಗೆ ಒಂದೂವರೆ ಮಿಲಿಮೀಟರಿನಷ್ಟು ಜಾಗ ಉಳಿಯುತ್ತದೆ, ತೆಳು ಉಂಗುರ ಸಾಕು. ನಿಕಾನ್ ಡಿಎಸ್‌ಎಲ್‌ಆರ್ ಮೇಲೆ ಅದೇ ಲೆನ್ಸು ಇರಬೇಕಾದ್ದಕ್ಕಿಂತ ಒಂದು ಮಿ.ಮೀ. ಮುಂದೆ ನಿಲ್ಲುತ್ತದೆ. ಎದುರು ಕೂತ ಅಜ್ಜಿಯ ಮುಖ ಸ್ಪಷ್ಟವಾಗಿ ಬಂದರೂ ದೂರದ ಕುತುಬ್ ಮಿನಾರ್ ಎಂದೂ ಫೋಕಸ್ ಆಗುವುದಿಲ್ಲ. ಅಂಗಡಿಯವರು ಇದಕ್ಕೆ ನಡುವೆ ಗಾಜಿರುವ ಅಡಾಪ್ಟರ್ ತೋರಿಸುತ್ತಾರೆ. ಕೊಳ್ಳಬೇಡಿ. ಒಳ್ಳೆಯ ಲೆನ್ಸಿನ ಹಿಂದೆ ಅಗ್ಗದ ಗಾಜು ಸೇರಿಸಿದರೆ ಎರಡೂ ಕೆಟ್ಟ ಹಾಗೆ. ಇನ್ನು ಅಪ್ಪನ ಕ್ಯಾಮೆರಾವೇ ನಿಕಾನ್ ಆಗಿದ್ದು, 1977ಕ್ಕೆ ಮುಂಚಿನ ಲೆನ್ಸಾಗಿದ್ದರೆ ಡಿ7000ದಂಥ ಕ್ಯಾಮೆರಾಕ್ಕೆ ಬಲವಂತವಾಗಿ ತಿರುಗಿಸಬೇಡಿ. ಬೆಳಕಿನ ಕಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಉಂಗುರದ ಹಿಂದಿನ ಅಂಚು ಕ್ಯಾಮೆರಾದ ಪುಟ್ಟ ಸನ್ನೆಯನ್ನು ಮುರಿದೀತು. ಆ ವರ್ಷ ಬಂದ ಎಐ ಎಂಬ ಬಗೆ, ಆಮೇಲಿನ ಎಐ-ಎಸ್, ಇವೆರಡೂ ನಿಶ್ಚಿಂತೆ.

ಎಲ್ಲ ಹಳೆಯದೂ ಚಿನ್ನವೇನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕ್ಲಿಕ್ ಥ್ರೀ, ಐಸೋಲಿ, ಯಾಶಿಕಾ ಎಲೆಕ್ಟ್ರೊ 35, ಎರಡು ಕಣ್ಣಿನ ಯಾಶಿಕಾ ಮ್ಯಾಟ್ ಇವುಗಳ ಲೆನ್ಸು ಕ್ಯಾಮೆರಾಕ್ಕೇ ಅಂಟಿಕೊಂಡಿದೆ, ಬಿಚ್ಚಿ ಬೇರೆ ಕಡೆ ಹಾಕುವಂಥದ್ದಲ್ಲ. ಯಾಶಿಕಾ ಮ್ಯಾಟ್ ನಡೆಯುವ ಸ್ಥಿತಿಯಲ್ಲಿದ್ದರೆ ಒಂದು ರೀಲು ಹಾಕಿ ನೋಡಿ, ಖರ್ಚಿಗೆ ಮೋಸವಿಲ್ಲ. 80ರ ದಶಕದಲ್ಲಿ ಬಂದ ಹೆಸರಿಲ್ಲದ ಅಗ್ಗದ ಜೂಮುಗಳು ಆಗಲೂ ಮಂಕು, ಈಗಲೂ ಮಂಕು. ಅವುಗಳ ಮೇಲೆ ಅಡಾಪ್ಟರಿನ ದುಡ್ಡು ಸುರಿಯುವುದು ದಂಡ. ಹುಡುಕಬೇಕಾದದ್ದು 50, 55, 58, 135 ಎಂಬ ಸಂಖ್ಯೆ ಬರೆದಿರುವ, ಜೂಮ್ ಇಲ್ಲದ ಲೆನ್ಸು. ನಮ್ಮ ಮನೆಗಳಲ್ಲಿ ಕ್ಯಾಮೆರಾ ಜೊತೆಗೇ ಬಂದದ್ದು ಬಹುಪಾಲು ಅದೇ.

ಅವುಗಳಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಜೆನಿತ್ ಜೊತೆ ಬರುತ್ತಿದ್ದ ಹೀಲಿಯೋಸ್ 44-2. ಮಾಸ್ಕೊ ಬಳಿಯ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯ ಕೂಸು, 58 ಮಿ.ಮೀ., ಅಪರ್ಚರ್ ಪೂರ್ತಿ ತೆರೆದರೆ ಎಫ್2. ವಿನ್ಯಾಸ ಮಾತ್ರ ಯುದ್ಧಕ್ಕೆ ಮುಂಚಿನ ಜರ್ಮನಿಯ ಕಾರ್ಲ್ ಝೈಸ್ ಯೇನಾದ ಬಯೋಟಾರಿನದು. ಮುಂದಿನ ಉಂಗುರದ ಮೇಲೆ ಕೆತ್ತಿರುವ ಸಂಖ್ಯೆ ನೋಡಿ. ಮೊದಲೆರಡು ಅಂಕಿ 78 ಇದ್ದರೆ ಸಾಮಾನ್ಯವಾಗಿ ಅದು 1978ರಲ್ಲಿ ಹುಟ್ಟಿದ್ದು. ಕೈಯಲ್ಲಿ ಹಿಡಿದರೆ ತೂಕ ತಿಳಿಯುತ್ತದೆ, ಪ್ಲಾಸ್ಟಿಕ್ಕಿನ ಸುಳಿವಿಲ್ಲ. ಇದರಲ್ಲಿ ಅಪರ್ಚರಿಗೆ ಎರಡು ಉಂಗುರ. ಮುಂದಿನದನ್ನು 5.6ಕ್ಕೆ ಇಟ್ಟು, ಎರಡನೆಯದನ್ನು ತಿರುಗಿಸಿದರೆ ಎಂಟು ಕಪ್ಪು ಅಲಗುಗಳು ಸದ್ದಿಲ್ಲದೆ ಮುಚ್ಚಿಕೊಂಡು ಸರಿಯಾಗಿ 5.6ರಲ್ಲಿ ನಿಲ್ಲುತ್ತವೆ. ಪೂರ್ತಿ ತೆರೆದು ಫೋಕಸ್ ಮಾಡು, ಆಮೇಲೆ ಕಣ್ಣು ತೆಗೆಯದೆ ಮುಚ್ಚು, ಕ್ಲಿಕ್ಕಿಸು ಎಂಬ ಕ್ರಮಕ್ಕಾಗಿ ಮಾಡಿದ ಏರ್ಪಾಡು.

ಲೋದಿ ಗಾರ್ಡನ್ನಿಗೆ ಹೋಗಿ, ಯಾರನ್ನಾದರೂ ಒಂದು ಮರದ ಮುಂದೆ, ಎಲೆಗಳ ಗುಂಪಿಗೆ ಮೂರು ನಾಲ್ಕು ಮೀಟರ್ ದೂರದಲ್ಲಿ ನಿಲ್ಲಿಸಿ, ಎಫ್2ರಲ್ಲಿ ತೆಗೆಯಿರಿ. ಹಿಂದಿನ ಎಲೆಗಳ ನಡುವಿನ ಬೆಳಕಿನ ಚುಕ್ಕೆಗಳು ಚಿತ್ರದ ಅಂಚಿಗೆ ಹೋದಂತೆ ಬಾದಾಮಿಯಾಕಾರ ತಾಳಿ ಮುಖದ ಸುತ್ತ ಸುಳಿಯಾಗಿ ತಿರುಗುತ್ತವೆ. ಈ ಸುಳಿಗಾಗಿಯೇ ಜಗತ್ತಿನಾದ್ಯಂತ ಇದಕ್ಕೆ ಈಗ ಗಿರಾಕಿಗಳು. ನಿಜ ಹೇಳಬೇಕೆಂದರೆ ಇದು ದೋಷ. ಅಂಚಿನ ಕಿರಣಗಳನ್ನು ಸರಿಯಾಗಿ ತಿದ್ದದೆ ಬಿಟ್ಟಿದ್ದರ ಫಲ. ಈಗಿನ ಲೆನ್ಸುಗಳು ಅದನ್ನು ತಿದ್ದಿವೆ, ಜೊತೆಗೆ ಒಂದರ ಚಿತ್ರ ಇನ್ನೊಂದರದಂತೆಯೇ ಕಾಣುತ್ತದೆ. ಮಾರುವವರು ಬಾಯಿ ಬಿಡದ ಸಂಗತಿಯೊಂದಿದೆ. ಎಪಿಎಸ್-ಸಿ ಎನ್ನುವ ಚಿಕ್ಕ ಸೆನ್ಸರಿನ ಕ್ಯಾಮೆರಾ ಲೆನ್ಸಿನ ನಡುಭಾಗವನ್ನಷ್ಟೇ ಬಳಸುತ್ತದೆ. 58ರ ಲೆನ್ಸು 87ರಂತೆ ಕಾಣುತ್ತದೆ, ಭಾವಚಿತ್ರಕ್ಕೆ ಅದು ಹಿತವೇ. ಆದರೆ ಸುಳಿ ಇರುವುದು ಅಂಚಿನಲ್ಲಿ, ಅಂಚೇ ಕತ್ತರಿಸಿಹೋಗುತ್ತದೆ. ಸುಳಿಗಾಗಿ ದುಪ್ಪಟ್ಟು ದುಡ್ಡು ಕೊಟ್ಟು ಕೊಳ್ಳುವ ಮಕ್ಕಳಿಗೆ ಇದನ್ನು ತಿಳಿಸಿ. ಮನೆಯಲ್ಲೇ ಬಿದ್ದಿದ್ದರೆ ಆ ಮಾತೇ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಹಾಗೆ, ಬಾಕ್ಸ್ ಬೆಡ್ಡಿನೊಳಗೆ ಒಂದಿರುವಾಗಲೇ ಇನ್ನೊಂದನ್ನು ಉಕ್ರೇನಿನಿಂದ ತರಿಸಿದ ಮನೆ ನನಗೆ ಗೊತ್ತು.

ಆ ಬಾಕ್ಸ್ ಬೆಡ್ಡೇ ಇವುಗಳ ಶತ್ರು. ಜುಲೈ, ಆಗಸ್ಟ್‌ನ ದೆಹಲಿಯ ತೇವ, ಗಾಳಿಯಾಡದ ಮರದ ಪೆಟ್ಟಿಗೆ, ಅದರೊಳಗೆ ಚರ್ಮದ ಚೀಲ. ಬೂಷ್ಟು ಬೆಳೆಯಲು ಇನ್ನೇನು ಬೇಕು? ಲೆನ್ಸಿನ ಎರಡೂ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲಿನ ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಧೂಳಿನ ಕಣಗಳು ಕಂಡರೆ ಚಿಂತೆ ಬೇಡ, ಚಿತ್ರದಲ್ಲಿ ಅವು ಕಾಣುವುದಿಲ್ಲ. ಜೇಡರ ಬಲೆಯಂತೆ ಕವಲೊಡೆದ ಬಿಳಿ ಎಳೆಗಳು ಕಂಡರೆ ಅದು ಫಂಗಸ್. ಅಂಚಿನಲ್ಲಿ ಸ್ವಲ್ಪವೇ ಇದ್ದರೆ ಬಿಚ್ಚಿ ಶುಚಿ ಮಾಡಿಸಬಹುದು. ವರ್ಷಗಟ್ಟಲೆ ಬಿಟ್ಟರೆ ಅದು ಗಾಜಿನ ಮೇಲಿನ ಲೇಪವನ್ನೇ ತಿಂದು ಗುರುತು ಉಳಿಸುತ್ತದೆ. ಇಡೀ ಗಾಜಿನ ಮೇಲೆ ಉಸಿರು ಬಿಟ್ಟಂಥ ಮಂಜಿದ್ದರೆ ಅದು ಒಳಗಿನ ಗ್ರೀಸು ಆವಿಯಾಗಿ ಕೂತದ್ದು. ನಮ್ಮ ಮೇ ತಿಂಗಳ 45 ಡಿಗ್ರಿಯಲ್ಲಿ ಗ್ರೀಸು ಸುಮ್ಮನಿರುವುದಿಲ್ಲ, ಅಪರ್ಚರ್ ಅಲಗುಗಳಿಗೂ ಹರಿದು ಅಂಟಿಸುತ್ತದೆ. ಇಷ್ಟಕ್ಕೆ ಹೆದರಿ ಎಸೆಯಬೇಡಿ. ಟೂತ್‌ಪೇಸ್ಟು, ವಿನೆಗರ್ ಹಿಡಿದು ನೀವೇ ಬಿಚ್ಚಲೂ ಬೇಡಿ.

ಪೆಂಟಾಕ್ಸ್‌ನ ಸೂಪರ್ ಟಾಕುಮಾರ್ 50 ಎಫ್1.4 ಮನೆಯಲ್ಲಿದ್ದು ಅದರ ಗಾಜು ಚಹಾದ ಬಣ್ಣಕ್ಕೆ ತಿರುಗಿದ್ದರೆ ಗಾಬರಿಯಾಗಬೇಡಿ. ಆ ಗಾಜಿನಲ್ಲಿ ಥೋರಿಯಂ ಸೇರಿಸುತ್ತಿದ್ದರು. ಕಾಲಕ್ರಮದಲ್ಲಿ ಅದರ ವಿಕಿರಣವೇ ಗಾಜನ್ನು ಹಳದಿ ಮಾಡುತ್ತದೆ. ಕ್ಯಾಮೆರಾದಲ್ಲಿಟ್ಟು ಚಿತ್ರ ತೆಗೆಯುವುದರಿಂದ ಅಪಾಯವೇನಿಲ್ಲ, ಬಿಚ್ಚಿ ಗಾಜು ಉಜ್ಜುವ ಸಾಹಸ ಮಾತ್ರ ಬೇಡ. ಕೆಲವು ವಾರ ಅತಿನೇರಳೆ ದೀಪದಡಿ ಇಟ್ಟರೆ ಬಣ್ಣ ಬಹುಮಟ್ಟಿಗೆ ತಿಳಿಯಾಗುತ್ತದೆ.

ಶುಚಿ ಮಾಡಿಸಲು ಚಾಂದನಿ ಚೌಕದ ಕೂಚಾ ಚೌಧರಿ ಇದೆ, ದೆಹಲಿಯ ಫೋಟೊ ಮಾರ್ಕೆಟ್. ಮೆಟ್ರೊ ಇಳಿದು ನಡೆದರೆ ಆಯಿತು. ಕಿರಿದಾದ ಗಲ್ಲಿ, ಮೇಲೆ ಕೆಳಗೆ ಅಂಗಡಿ. ಬಲ್ಬಿನ ಕೆಳಗೆ ಸ್ಕ್ರೂಡ್ರೈವರ್ ಹಿಡಿದು ಲೆನ್ಸಿನ ಉಂಗುರಗಳನ್ನು ಒಂದೊಂದಾಗಿ ಬಟ್ಟೆಯ ಮೇಲೆ ಜೋಡಿಸಿಡುವ ಕುಶಲಕರ್ಮಿಗಳು ಇನ್ನೂ ಇದ್ದಾರೆ. ಕೊಡುವ ಮುನ್ನ ಲೆನ್ಸಿನ ಸಂಖ್ಯೆ ಕಾಣುವ ಹಾಗೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ರೇಟು ಮೊದಲೇ ಮಾತಾಡಿಕೊಳ್ಳಿ. ‘ಬಾಬೂಜಿ, ಇದರಲ್ಲೇನೂ ಇಲ್ಲ, ನನಗೇ ಕೊಟ್ಟುಬಿಡಿ’ ಎಂದು ಯಾರಾದರೂ ಅಂದರೆ, ಅದರಲ್ಲಿ ಏನೋ ಇದೆ ಎಂದು ತಿಳಿದುಕೊಂಡು ವಾಪಸು ತನ್ನಿ. ಶುಚಿಯಾದ ಮೇಲೆ ಮತ್ತೆ ಚರ್ಮದ ಚೀಲಕ್ಕೆ ಹಾಕಬೇಡಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಒಂದು ಹಿಡಿ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕುವುದು. ಎಲ್ಲಕ್ಕಿಂತ ಒಳ್ಳೆಯದು ಬಳಸುವುದು. ಬೆಳಕು, ಗಾಳಿ ತಾಗುವ ಲೆನ್ಸಿಗೆ ಬೂಷ್ಟು ಅಷ್ಟು ಸುಲಭವಾಗಿ ಹತ್ತುವುದಿಲ್ಲ.

ಬಳಸುವುದು ಹೇಗೆಂದು ಮಕ್ಕಳಿಗೆ ಎರಡು ಮಾತು. ಕ್ಯಾಮೆರಾಕ್ಕೆ ಇದು ಲೆನ್ಸೆಂದೇ ಗೊತ್ತಾಗುವುದಿಲ್ಲ, ಮೆನುವಿನಲ್ಲಿ ‘ಲೆನ್ಸ್ ಇಲ್ಲದೆಯೂ ಕ್ಲಿಕ್ಕಿಸು’ ಎಂಬ ಅನುಮತಿ ಕೊಡಬೇಕು. ಕೈನಡುಕ ತಡೆಯುವ ವ್ಯವಸ್ಥೆ ಕ್ಯಾಮೆರಾದೊಳಗೇ ಇದ್ದರೆ ಲೆನ್ಸಿನ 50 ಅಥವಾ 58 ಸಂಖ್ಯೆಯನ್ನು ಕೈಯಾರೆ ತುಂಬಬೇಕು. ಫೋಕಸ್ ಕೈಯಿಂದಲೇ. ಸ್ಪಷ್ಟವಾದ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ಪೀಕಿಂಗ್ ಇದೆ, ಆದರೆ ಎಫ್2ರಲ್ಲಿ ಅದನ್ನು ನಂಬುವುದಕ್ಕಿಂತ ಚಿತ್ರವನ್ನು ಹಿಗ್ಗಿಸಿ ಕಣ್ರೆಪ್ಪೆ ನೋಡಿ ಫೋಕಸ್ ಮಾಡುವುದೇ ಸರಿ.

‘ಆಟೊಫೋಕಸ್ ಇಲ್ಲದೆ ಹೇಗೆ?’ ಎಂದು ಮೂಗು ಮುರಿಯುವ ಹುಡುಗರಿಗೆ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ತೋರಿಸಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ದೆಹಲಿಯಲ್ಲಿ ಬಹುಕಾಲ ಇದ್ದು ಕೆಲಸ ಮಾಡಿದವರು, ನಮ್ಮವರೇ. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ, ಯುನಿಸೆಫ್‌ಗಾಗಿ ಮಕ್ಕಳ ಚಿತ್ರ ತೆಗೆದರು. 1977ರಲ್ಲಿ ಪದ್ಮಶ್ರೀ ಬಂತು. ಆಟೊಫೋಕಸ್ಸನ್ನು ಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ ವ್ಯಾಪಕವಾಗಿ ತಂದ ಮಿನೋಲ್ಟಾ 7000 ಮಾರುಕಟ್ಟೆಗೆ ಬಂದದ್ದು 1985ರಲ್ಲಿ. ಒಂದು ಕಡೆ ನಿಲ್ಲದೆ ಓಡುವ ಮಕ್ಕಳನ್ನು ಸತ್ಯನ್ ಹಿಡಿದದ್ದು ಬೆರಳಿನಿಂದ ತಿರುಗಿಸಿದ ಉಂಗುರದಲ್ಲಿ. ಇದೇ ಊರಿನಲ್ಲಿ ಛಾಯಾಗ್ರಾಹಕಿ ಹೋಮೈ ವ್ಯಾರವಾಲಾ 1942ರಿಂದ 1970ರವರೆಗೆ ಚಿತ್ರಗಳನ್ನು ತೆಗೆದದ್ದೂ ಹಾಗೆಯೇ. ಮಕ್ಕಳಿಗೆ ಇದು ಆಗದ ಕೆಲಸವೇನಲ್ಲ. ಲೆನ್ಸನ್ನು ಎಫ್8ಕ್ಕೆ ಇಟ್ಟು ಮೂರು ಮೀಟರಿಗೆ ಫೋಕಸ್ ಹಾಕಿಕೊಂಡು ಚಾಂದನಿ ಚೌಕದಲ್ಲಿ ನಡೆದರೆ, ಎದುರು ಬಂದದ್ದು ಬಹುಮಟ್ಟಿಗೆ ಸ್ಪಷ್ಟವಾಗಿಯೇ ಬರುತ್ತದೆ. ಲೆನ್ಸಿನ ಮೇಲಿರುವ ದೂರದ ಗೆರೆಗಳು ಅದಕ್ಕಾಗಿಯೇ ಇರುವುದು. ಈಗಿನ ಬಹುಪಾಲು ಲೆನ್ಸುಗಳಲ್ಲಿ ಆ ಗೆರೆಗಳೇ ಇಲ್ಲ.

ನನ್ನದೊಂದು ತಕರಾರಿದೆ. ‘ವಿಂಟೇಜ್ ಲುಕ್’ ಎಂದು ಹಾಲು ಚೆಲ್ಲಿದಂತಿರುವ ಮಂಕು ಚಿತ್ರಗಳನ್ನು ಹೊಗಳುವ ರೂಢಿ ಬಂದಿದೆ. ಅದು ಲುಕ್ಕಲ್ಲ, ಕೊಳಕು ಗಾಜು. ಹಳೆ ಲೆನ್ಸುಗಳಲ್ಲಿ ಹಲವುಗಳ ಲೇಪ ಒಂದೇ ಪದರದ್ದು, ಎದುರು ಬೆಳಕಿಗೆ ಬಣ್ಣ ತೆಳ್ಳಗಾಗುವುದು ನಿಜ. ನವೆಂಬರ್, ಡಿಸೆಂಬರಿನ ಬೆಳಿಗ್ಗೆ ಯಮುನೆಯ ಘಾಟಿನಲ್ಲಿ ವಲಸೆ ಬಂದ ಕಡಲಹಕ್ಕಿಗಳ ಚಿತ್ರಕ್ಕೆ ಹೋದವರಿಗೆ ಗೊತ್ತು, ನಮ್ಮ ಹೊಗೆಮಂಜು ಮೊದಲೇ ಎಲ್ಲವನ್ನೂ ಬೂದಿ ಮಾಡಿರುತ್ತದೆ. ಅದರ ಮೇಲೆ ಲೆನ್ಸಿನ ಮಂಕೂ ಸೇರಿದರೆ ಉಳಿಯುವುದೇನು? ಒಂದು ರಬ್ಬರ್ ಹುಡ್ ಹಾಕಿ, ಸೂರ್ಯನನ್ನು ಬಗಲಿಗೆ ಇಟ್ಟುಕೊಳ್ಳಿ. ಶುಚಿಯಾದ ಹಳೆ 50ರ ಲೆನ್ಸು ಎಫ್5.6ರಲ್ಲಿ 24 ಮೆಗಾಪಿಕ್ಸೆಲ್ ಸೆನ್ಸರಿಗೆ ಏನೂ ಕಡಿಮೆಯಿಲ್ಲದ ಸ್ಪಷ್ಟತೆ ಕೊಡುತ್ತದೆ.

ಮನೆಯಲ್ಲಿ ಯಾರಿಗೂ ಬೇಡ, ಹಾಳಾಗಲೂ ಬಾರದು ಎನ್ನುವವರು ಒಮ್ಮೆ ಗುರುಗ್ರಾಮದ ಮ್ಯೂಸಿಯೊ ಕ್ಯಾಮೆರಾಕ್ಕೆ ಹೋಗಿಬನ್ನಿ. ಛಾಯಾಗ್ರಾಹಕ ಆದಿತ್ಯ ಆರ್ಯ ಕಟ್ಟಿದ ಸಂಗ್ರಹಾಲಯ, 2019ರಿಂದ ನಡೆಯುತ್ತಿದೆ. ನಿಮ್ಮ ಮನೆಯಲ್ಲಿರುವ ಮಾಡೆಲ್ ಅಲ್ಲಿ ಗಾಜಿನ ಹಿಂದೆ ಕಂಡರೂ ಕಾಣಬಹುದು. ನೋಡಿ ಬಂದ ಮೇಲೆ ಬಹುಶಃ ಕಬಾಡಿಯವನನ್ನು ಕರೆಯುವುದಿಲ್ಲ.

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಆ ಚರ್ಮದ ಚೀಲ ಇದ್ದ ಜಾಗದಲ್ಲೇ ಒಂದು ಬಿಸ್ಕತ್ತಿನ ಡಬ್ಬಿಯೂ ಇರುತ್ತದೆ, ಅದರೊಳಗೆ ನೆಗೆಟಿವ್‌ಗಳು. ಕ್ಯಾಮೆರಾವನ್ನಾದರೂ ಕಬಾಡಿಯವನು ದುಡ್ಡು ಕೊಟ್ಟು ಒಯ್ಯುತ್ತಾನೆ, ಇವು ನೇರ ಕಸದ ಬುಟ್ಟಿಗೆ. ಆ ಚಿತ್ರಗಳನ್ನು ತೆಗೆದ ಲೆನ್ಸಿನಿಂದಲೇ ಈ ನೆಗೆಟಿವ್‌ಗಳನ್ನು ಡಿಜಿಟಲ್ ಮಾಡಬಹುದು. ಅಡಾಪ್ಟರಿಗೂ ಲೆನ್ಸಿಗೂ ನಡುವೆ ಎಕ್ಸ್‌ಟೆನ್ಷನ್ ಟ್ಯೂಬ್ ಎನ್ನುವ ಉಂಗುರಗಳನ್ನು ಸೇರಿಸಿದರೆ 50ರ ಲೆನ್ಸು ಬೆರಳಗಲದ ವಸ್ತುವನ್ನೂ ತುಂಬಿಕೊಂಡು ಕಾಣುತ್ತದೆ. ನಿಕಾನ್‌ನ ಹಳೆ 55 ಮೈಕ್ರೊ ಲೆನ್ಸು ಸಿಕ್ಕರೆ ಅದಕ್ಕಿಂತ ಭಾಗ್ಯ ಬೇಡ, ಅದನ್ನು ಮಾಡಿದ್ದೇ ಇಂಥ ಕೆಲಸಕ್ಕೆ. ಮಕ್ಕಳು ಚಿತ್ರ ಬಿಡಿಸಲು ಬಳಸುವ ಬಿಳಿ ಎಲ್‌ಇಡಿ ಫಲಕದ ಮೇಲೆ ನೆಗೆಟಿವ್ ಇಡಿ. ಫಲಕದ ಚುಕ್ಕೆಗಳು ಕಾಣದಂತೆ ನಡುವೆ ಒಂದೆರಡು ಅಂಗುಲ ಅಂತರ ಇರಲಿ. ಕ್ಯಾಮೆರಾವನ್ನು ಸ್ಟ್ಯಾಂಡಿನಲ್ಲಿ ನೇರ ಕೆಳಮುಖ ಮಾಡಿ. ನೇರವಾಗಿದೆಯೋ ಇಲ್ಲವೋ ತಿಳಿಯಲು ನೆಗೆಟಿವ್ ಜಾಗದಲ್ಲಿ ಪುಟ್ಟ ಕನ್ನಡಿ ಇಟ್ಟು ನೋಡಿ, ಲೆನ್ಸಿನ ಬಿಂಬ ಚಿತ್ರದ ಸರಿಯಾದ ನಡುವೆ ಬಂದರೆ ಸಾಕು. ಎಫ್8, ಎರಡು ಸೆಕೆಂಡಿನ ಟೈಮರ್, ಕೋಣೆಯ ದೀಪ ಆರಿಸಿ. ಎಮಲ್ಷನ್ ಲೇಪ ಹಚ್ಚಿದ ಮಂಕು ಬದಿ ಮೇಲಿದ್ದರೆ ಆಮೇಲೆ ಕಂಪ್ಯೂಟರಿನಲ್ಲಿ ಎಡಬಲ ತಿರುಗಿಸಿ. ಕಪ್ಪು-ಬಿಳುಪಾದರೆ ಬಣ್ಣ ತಲೆಕೆಳಗು ಮಾಡಿದರೆ ಮುಗಿಯಿತು. ಕಲರ್ ನೆಗೆಟಿವ್‌ನ ಕಿತ್ತಳೆ ಛಾಯೆ ಕಳೆಯಲು ಸ್ವಲ್ಪ ಒದ್ದಾಡಬೇಕಾದೀತು, ಅದಕ್ಕೆಂದೇ ಸಾಫ್ಟ್‌ವೇರುಗಳಿವೆ.

ಈ ಕೆಲಸವನ್ನು ಒಬ್ಬರೇ ಕೂತು ಮಾಡಬೇಡಿ. ಅಮ್ಮನೋ ದೊಡ್ಡಮ್ಮನೋ ಪಕ್ಕದಲ್ಲಿರಲಿ. 1974ರ ಗಣರಾಜ್ಯೋತ್ಸವದ ದಿನ ಇಂಡಿಯಾ ಗೇಟಿನ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ ಕೂತವರಲ್ಲಿ ಕನ್ನಡಕದವರು ಯಾರು, ಸ್ವೆಟರಿನ ಹುಡುಗಿ ಯಾರ ಮಗಳು ಎಂದು ಅವರೇ ಹೇಳಬೇಕು. ಒಂದೊಂದು ಫೈಲಿಗೂ ಆ ಹೆಸರು, ಕಾಲೊನಿ, ಅಂದಾಜು ವರ್ಷ ಹಾಕಿ, ಕನ್ನಡದಲ್ಲೇ ಹಾಕಿ. ಫೈಲುಗಳ ಒಂದು ಪ್ರತಿ ನಿಮ್ಮಲ್ಲಿರಲಿ, ಇನ್ನೊಂದು ಊರಿನಲ್ಲಿರುವ ಬಂಧುಗಳ ಬಳಿ. ಡಬ್ಬಿಯಲ್ಲಿ ಸರ್ಕಾರಿ ಕಾಲೊನಿಗಳ, ಕರ್ನಾಟಕ ಸಂಘದ ನಾಟಕಗಳ, ಗಣೇಶೋತ್ಸವಗಳ ಚಿತ್ರ ಸಿಕ್ಕವರು ಈ ರಾಜ್ಯೋತ್ಸವಕ್ಕೆ ಪೆನ್‌ಡ್ರೈವಿನಲ್ಲಿ ತನ್ನಿ. ಆರ್.ಕೆ. ಪುರಂನ ಸಂಘದ ಕಟ್ಟಡದಲ್ಲಿ ಗೋಡೆಗಳಿಗೇನೂ ಕೊರತೆಯಿಲ್ಲ. ಪ್ರಿಂಟಿನ ಖರ್ಚಿನಲ್ಲಿ ನನ್ನದೂ ಒಂದು ಪಾಲು ಹಿಡಿದುಕೊಳ್ಳಿ.

ಇತಿ,
ದ್ವಾರಕಾದಲ್ಲಿರುವ ನಿಮ್ಮ ನೆರೆಯವನು